ಕೆರೆಯ ದಡ, ನಗರದ ಅಂಚು: ಹೋಟಗಿಯ ನೆವದಲ್ಲಿ

ಸೊಲ್ಲಾಪುರಕ್ಕೆ ಕೆರೆಯೆಂಬುದು ಅಲಂಕಾರವಾಗಿ ಬಂದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿ ಶರಣ ಸಾಹಿತ್ಯವನ್ನು ಓದಿದವರಿಗೆಲ್ಲ ಪರಿಚಿತ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಕಥಾನಾಯಕನು ಗುಡಿಯನ್ನು ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಕೆರೆಯನ್ನೂ ಕಟ್ಟಿಸಿದವನು. ಮುಂದೆ ಬಹಮನಿಗಳ ಕಾಲದಲ್ಲಿ ಎದ್ದ ಭುಯಿಕೋಟೆಯು ಪೂರ್ವ ದಿಕ್ಕಿನಲ್ಲಿ ಅದೇ ಕೆರೆಯನ್ನು ಕಂದಕವಾಗಿ ಬಳಸಿಕೊಂಡಿತು. 1860ರಲ್ಲಿ ರೈಲು ಬಂದಿತು; 1877ರಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ನೀರು ಮೊದಲು, ಪೇಟೆ ಅನಂತರ ಎಂಬ ಈ ಅನುಕ್ರಮವನ್ನು ನಗರದ ಅಂಚಿನಲ್ಲಿ ಇಂದು ನಿವೇಶನ ಕೊಳ್ಳುವವರು ನೆನಪಿನಲ್ಲಿಡುವುದು ಒಳ್ಳೆಯದು.

ನಗರವೀಗ ವಿಜಯಪುರ, ಅಕ್ಕಲಕೋಟೆ, ತುಳಜಾಪುರ ಹಾಗೂ ಹೋಟಗಿಯ ರಸ್ತೆಗಳುದ್ದಕ್ಕೂ ಹೊರಚಾಚುತ್ತಿದೆ. ಇವುಗಳಲ್ಲಿ ಹೋಟಗಿಯ ಸ್ಥಾನ ವಿಶಿಷ್ಟವಾದುದು. ಕನ್ನಡ ಪತ್ರಿಕೆಗಳಲ್ಲಿ ಹಲವೊಮ್ಮೆ ‘ಹುಟಗಿ’ ಎಂದು ಕಾಣಿಸಿಕೊಳ್ಳುವ ಈ ಊರು ಸೊಲ್ಲಾಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಇಲ್ಲೊಂದು ರೈಲ್ವೆ ಜಂಕ್ಷನ್, ಒಂದು ದೊಡ್ಡ ಕೆರೆ. ಎರಡೂ ಒಂದೇ ಊರಿಗೆ ದೊರೆತಿರುವುದು ಅದರ ಭಾಗ್ಯ. ಆದರೆ ಎರಡರ ಲಾಭವೂ ಒಂದೇ ಬಗೆಯದಲ್ಲ.

ಜಂಕ್ಷನ್ನಿನ ಲಾಭ ಯಾರಿಗಾದರೂ ಕಾಣುವಂಥದು. ಮುಂಬಯಿಯಿಂದ ಬರುವ ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಅಕ್ಕಲಕೋಟೆ ರೋಡ್, ದುಧನಿ, ಕಲಬುರಗಿಯ ಮಾರ್ಗವಾಗಿ ವಾಡಿಗೆ ಹೋದರೆ, ಇನ್ನೊಂದು ವಿಜಯಪುರ, ಬಾಗಲಕೋಟೆಗಳನ್ನು ಹಾದು 284 ಕಿಲೋಮೀಟರ್ ದೂರದ ಗದಗವನ್ನು ಮುಟ್ಟುತ್ತದೆ. ಟವೆಲು, ಚಾದರ, ಸಿಮೆಂಟು, ಕಾಳುಕಡಿಗಳ ವ್ಯಾಪಾರಿಗೆ ಇದಕ್ಕಿಂತ ಅನುಕೂಲವಾದ ಕೂಡುದಾರಿ ಈ ಸೀಮೆಯಲ್ಲಿ ವಿರಳ. ಗೋದಾಮಿನ ಜಾಗ ನಗರದೊಳಗಿಗಿಂತ ಅಗ್ಗ. ಸೊಲ್ಲಾಪುರದ ಈರುಳ್ಳಿ ಪೇಟೆಗೆ ವಿಜಯಪುರ, ಕಲಬುರಗಿಗಳ ಕಡೆಯಿಂದಲೂ ರೈತರು ಬರುತ್ತಾರಾದ್ದರಿಂದ ಕನ್ನಡ, ಮರಾಠಿ ಎರಡರಲ್ಲೂ ಲೆಕ್ಕ ಹೇಳಬಲ್ಲ ಗುಮಾಸ್ತನಿಗೆ ಇಲ್ಲಿ ಸದಾ ಬೆಲೆಯುಂಟು. ದಕ್ಷಿಣ ಸೊಲ್ಲಾಪುರ ತಾಲೂಕಿನ ಮಕ್ಕಳಿಗೆ ದ್ವಿಭಾಷೆ ಪಠ್ಯಕ್ರಮದಿಂದ ಬಂದ ಹೊರೆಯಲ್ಲ, ಮನೆಯಂಗಳದಲ್ಲೇ ದೊರೆತ ಬಂಡವಾಳ.

ಕೆರೆಯ ಲಾಭ ಹಾಗೆ ಮೇಲುನೋಟಕ್ಕೆ ಸಿಕ್ಕುವುದಿಲ್ಲ. ನಿವೇಶನದ ಜಾಹೀರಾತುಗಳಲ್ಲಿ ‘ಲೇಕ್ ವ್ಯೂ’ ಎಂಬ ಮಾತು ಹೇರಳ. ಅದು ಕೆರೆಯ ಉಪಕಾರಗಳಲ್ಲಿ ತೀರ ಚಿಕ್ಕದು. ದೊಡ್ಡ ಉಪಕಾರವಿರುವುದು ನೆಲದ ಕೆಳಗೆ. ಸೊಲ್ಲಾಪುರದ ವಾರ್ಷಿಕ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಬಹುಪಾಲು ಕೆಲವೇ ದಿನಗಳ ಜಡಿಮಳೆಯಾಗಿ ಸುರಿದು ಹೋಗುತ್ತದೆ. ಇಲ್ಲಿಯ ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕುಗಳು ಮುಚ್ಚಿಕೊಂಡು ನೀರು ಕೆಳಗಿಳಿಯದೆ ಹಳ್ಳ ಸೇರುತ್ತದೆ. ಎರೆಯ ಕೆಳಗೆ ಮುರುಮು, ಅದರ ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ನೀರು ನಿಲ್ಲುವುದು ಮುರುಮಿನಲ್ಲಿ ಮತ್ತು ಶಿಲೆಯ ಬಿರುಕುಗಳಲ್ಲಿ ಮಾತ್ರ. ಅಲ್ಲಿಗೆ ಇಳಿಯಲು ಅದಕ್ಕೆ ಕಾಲಾವಕಾಶ ಬೇಕು. ಹರಿದು ಹೋಗುವ ನೀರನ್ನು ಏರಿಯಿಂದ ತಡೆದು ತಿಂಗಳುಗಟ್ಟಲೆ ನಿಲ್ಲಿಸುವ ಕೆರೆಯು ಆ ಅವಕಾಶವನ್ನು ಒದಗಿಸುತ್ತದೆ. ಕೆರೆಯ ಕೆಳಗಣ ಬಾವಿಗಳು ಸುತ್ತಲಿನ ಬಾವಿಗಳಿಗಿಂತ ತಡವಾಗಿ ಬತ್ತುವುದಕ್ಕೆ ಕಾರಣವಿದು. ಸುಮಾರು ನೂರು ಕಿಲೋಮೀಟರ್ ದೂರದ ಉಜನಿ ಜಲಾಶಯವನ್ನು ನೆಚ್ಚಿಕೊಂಡು, ನಲ್ಲಿಯ ನೀರಿಗಾಗಿ ಕೊಡಗಳನ್ನು ಸಾಲಾಗಿಡುವ ನಗರವಾಸಿಗೆ ಮನೆಯ ಬಳಿಯ ಬಾವಿಯಲ್ಲಿ ಚೈತ್ರದವರೆಗೆ ನೀರಿದ್ದರೆ ಅದು ಯಾವ ನೋಟಕ್ಕಿಂತಲೂ ದೊಡ್ಡ ಸಂಪತ್ತು.

ಉದ್ದಿಮೆಗೂ ಇದೇ ಮಾತು ಅನ್ವಯಿಸುತ್ತದೆ. ನೂಲಿಗೆ ಗಂಜಿ ಹಾಕುವುದು, ಬಣ್ಣ ಕಟ್ಟುವುದು ನೀರಿಲ್ಲದೆ ಆಗದ ಕೆಲಸಗಳು. ಒಣಹವೆಯಲ್ಲಿ ಮಗ್ಗದ ಮೇಲೆ ಎಳೆ ಬೇಗ ಕಡಿಯುತ್ತದೆಂಬುದು ನೇಕಾರರಿಗೆಲ್ಲ ಗೊತ್ತು. ಹೈನುಗಾರಿಕೆ, ಇಟ್ಟಿಗೆ ಸುಡುವುದು, ಮೀನು ಹಿಡಿಯುವುದು, ಸಸಿ ಬೆಳೆಸಿ ಮಾರುವುದು ಇವೆಲ್ಲ ಕೆರೆಯ ನೆರಳಿನ ಕಸುಬುಗಳೇ. ಹೂಳು ಕೂಡ ವ್ಯರ್ಥವಲ್ಲ. ಮಹಾರಾಷ್ಟ್ರ ಸರಕಾರವು 2017ರಲ್ಲಿ ಆರಂಭಿಸಿದ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯ ತಿರುಳೇ ಅದು: ಕೆರೆಯ ಹೂಳನ್ನು ರೈತನ ಹೊಲಕ್ಕೆ ಸಾಗಿಸಿದರೆ ಕೆರೆಯ ಆಳವೂ ಹೊಲದ ಸತ್ವವೂ ಕೂಡಿಯೇ ಹೆಚ್ಚುತ್ತವೆ. ಹೆಸರು ಮರಾಠಿಯದಾದರೂ ವಿಚಾರವು ಕನ್ನಡ ನಾಡಿನ ರೈತನಿಗೂ ಬಹುಕಾಲದಿಂದ ತಿಳಿದುದೇ. ಬೇಸಗೆಯಲ್ಲಿ ಕೆರೆಯ ಗೋಡನ್ನು ಬಂಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ರೂಢಿ ಹಳೆಯದು.

ವಾಸಕ್ಕೆ ಸಂಬಂಧಿಸಿದಂತೆ ಕೆಲವು ಉತ್ಪ್ರೇಕ್ಷೆಗಳನ್ನು ಬದಿಗಿಡಬೇಕು. ಕೆರೆಯಿಂದ ಇಡೀ ಊರು ತಂಪಾಗುತ್ತದೆ ಎಂಬುದು ಅರ್ಧಸತ್ಯ. ಬಿಸಿಲು 40 ಡಿಗ್ರಿ ದಾಟುವ ಸೀಮೆಯಲ್ಲಿ ನೀರ ಮೇಲಿಂದ ಬೀಸುವ ಗಾಳಿಯ ಹಿತವು ದಡದ ಸಮೀಪಕ್ಕಷ್ಟೇ ಸೀಮಿತ. ಸೊಳ್ಳೆಯ ಹಿತವಂತೂ ದಡವನ್ನು ದಾಟಿಯೂ ಬರುತ್ತದೆ! ಚಳಿಗಾಲದ ವಲಸೆ ಹಕ್ಕಿಗಳು, ಸಂಜೆಯ ನಡಿಗೆಗೊಂದು ಏರಿ, ಮಕ್ಕಳಿಗೆ ಬಯಲು, ಈ ಸುಖಗಳು ಮಾತ್ರ ಸುಳ್ಳಲ್ಲ.

ಈ ಎರಡು ಲಾಭಗಳು ಒಂದಕ್ಕೊಂದು ಎದುರಾಗುವ ಸಂಭವವೇ ಉಪನಗರದ ನಿಜವಾದ ಸಮಸ್ಯೆ. ಜಂಕ್ಷನ್ನಿನ ಲಾಭಕ್ಕಾಗಿ ಬಂದವರು ನೆಲವನ್ನು ಹೆಚ್ಚುಹೆಚ್ಚು ಮುಚ್ಚುತ್ತ ಹೋದಂತೆ ಕೆರೆಗೆ ನೀರು ತರುವ ಹಳ್ಳಗಳು ಕಿರಿದಾಗುತ್ತವೆ. ಬಣ್ಣದ ನೀರು ಶುದ್ಧಿಯಾಗದೆ ಹಳ್ಳಕ್ಕಿಳಿದರೆ ಬಾವಿಗಳೇ ಕೆಡುತ್ತವೆ. ನಗರದ ಉತ್ತರಕ್ಕೆ, ಹಿಪ್ಪರಗಾದ ಬಳಿ ಆದಿಲಾ ನದಿಗೆ ಕಟ್ಟಿದ ಏಕ್ರುಖ ಕೆರೆಯನ್ನು ನೋಡಿದರೆ ಹಿಂದಿನವರು ಎಂಥ ಪ್ರಮಾಣದಲ್ಲಿ ಯೋಚಿಸಿದ್ದರೆಂಬುದು ತಿಳಿಯುತ್ತದೆ. 1871ರಲ್ಲಿ ಪೂರ್ಣಗೊಂಡ ಅದು ನೀರಾವರಿಗೂ ನಗರದ ಕುಡಿಯುವ ನೀರಿಗೂ ಒದಗಿತು. ಅಂಥ ಕೆರೆಗೆ ಏರಿಯಷ್ಟೇ ಮುಖ್ಯವಾದುದು ಅದರ ಜಲಾನಯನ ಪ್ರದೇಶ. ಏರಿಯನ್ನು ಸರಕಾರ ಕಾಯುತ್ತದೆ. ಜಲಾನಯನವು ಮಾತ್ರ ನೂರಾರು ಖಾಸಗಿ ಹೊಲಗಳಲ್ಲಿ ಹಂಚಿಹೋಗಿರುತ್ತದೆ.

ಕೋಡಿಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಅತಿ ಹೆಚ್ಚು ಎಡವುವುದು ಅಲ್ಲಿಯೇ. ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿಯೇ ಕೋಡಿ, ಮರಾಠಿಯಲ್ಲಿ ಸಾಂಡವಾ. ಬರಗಾಲಗಳ ಈ ಜಿಲ್ಲೆಯಲ್ಲಿ ಕೋಡಿ ಹಲವು ವರ್ಷ ಹರಿಯದೆಯೇ ಇರಬಹುದು. ಆಗ ಅದರ ಕೆಳಗಿನ ನೆಲ ಸಮತಟ್ಟಾಗಿ, ಒಣಗಿ, ಮನೆ ಕಟ್ಟಲು ಹೇಳಿ ಮಾಡಿಸಿದಂತೆ ತೋರುತ್ತದೆ. ಒಂದು ಒಳ್ಳೆಯ ಮಳೆಗಾಲ ಬಂದಾಗ ನೀರು ತನ್ನ ಹಳೆಯ ದಾರಿಯಲ್ಲೇ ಹರಿಯುತ್ತದೆ, ನಡುವೆ ಏನಿದ್ದರೂ ಸರಿಯೆ.

ಆದ್ದರಿಂದ ಕೊಳ್ಳುವವರು ಸಾತ್‌ಬಾರಾ ಉತಾರೆ ಮತ್ತು ಬಿಗರ್‌ಶೇತಿ ಪರವಾನಗಿಯೊಡನೆ ಊರಿನ ನಕಾಶೆಯನ್ನೂ ತರಿಸಿ, ಹಳ್ಳದ ಗೆರೆ ತಮ್ಮ ನಿವೇಶನದಿಂದ ಎಷ್ಟು ದೂರವಿದೆಯೆಂದು ಅಳೆದು ನೋಡಬೇಕು. ನೆರೆಹೊರೆಯ ಎರಡು ಮೂರು ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲದ ಕೊನೆಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಕೇಳಿ ತಿಳಿಯಬೇಕು. ಕೋಡಿ ಕಡೆಯ ಬಾರಿ ಹರಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಯಾವ ಉತಾರೆಯಲ್ಲಿಯೂ ಸಿಗದು. ಅದನ್ನು ಅಲ್ಲಿಯ ಕುರುಬರನ್ನೋ ಹಿರಿಯ ಒಕ್ಕಲಿಗರನ್ನೋ ವಿಚಾರಿಸಬೇಕು. ಅವರಲ್ಲಿ ಬಹುಮಂದಿ ಉತ್ತರಿಸುವುದು ಕನ್ನಡದಲ್ಲಿ.