ಪರನಾಡಿನ ಅತಿಥಿ ಅರಿತಿರಬೇಕಾದ ನಡೆ

ಉದ್ಯೋಗ, ವ್ಯಾಸಂಗಗಳ ನಿಮಿತ್ತ ನಮ್ಮ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹಿರಿಯರೂ ಆಗಾಗ ವಿಮಾನವೇರುತ್ತಾರೆ. ಅಲ್ಲಿಯ ಭಾಷೆ ಬಾರದಿದ್ದರೆ ಯಾರೂ ಬೇಸರಿಸರು. ಆದರೆ ಅರಿಯದೆ ನಡೆದ ನಡತೆ ಆದರಿಸಿದವರ ಮನಸ್ಸನ್ನು ನೋಯಿಸಬಹುದು. ರೂಢಿಯ ಹಿಂದಿರುವ ಕಾರಣವನ್ನು ತಿಳಿದರೆ ಅದನ್ನು ಪಾಲಿಸುವುದು ಹೊರೆಯೆನಿಸದು. ಜಪಾನ್ ದೇಶವನ್ನೇ ನಿದರ್ಶನವಾಗಿ ನೋಡೋಣ.

ಜಪಾನೀಯರ ಮನೆಯಲ್ಲಿ ಬಾಗಿಲು ದಾಟಿದೊಡನೆ ‘ಗೆಂಕಾನ್’ ಎಂಬ ತಗ್ಗಾದ ಸ್ಥಳವಿರುತ್ತದೆ. ಪಾದರಕ್ಷೆಗಳನ್ನು ಅಲ್ಲಿಯೇ ಕಳಚಿ, ತುದಿ ಬಾಗಿಲ ಕಡೆಗಿರುವಂತೆ ಜೋಡಿಸಿಡಬೇಕು. ಇದು ನಮಗೆ ಹೊಸದಲ್ಲ. ಆದರೆ ಮನೆಯೊಳಗೆ ತೊಡಲು ಕೊಡುವ ಚಪ್ಪಲಿಗಳನ್ನೂ ‘ತತಾಮಿ’ ಚಾಪೆಯ ಕೋಣೆಯ ಹೊರಗೇ ಬಿಡಬೇಕೆಂಬುದನ್ನು ಮರೆಯಬಾರದು. ಸ್ನಾನದ ತೊಟ್ಟಿಯ ನೀರನ್ನು ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಬಳಸುವರು. ಆದುದರಿಂದ ಹೊರಗೆ ಮೈ ತೊಳೆದುಕೊಂಡೇ ತೊಟ್ಟಿಗಿಳಿಯಬೇಕು.

ಊಟಕ್ಕೆ ‘ಹಾಶಿ’ ಎಂಬ ಎರಡು ಕಡ್ಡಿಗಳನ್ನು ಬಳಸುತ್ತಾರೆ. ಅವುಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಮೃತರಿಗೆ ಅನ್ನವನ್ನರ್ಪಿಸುವ ಕ್ರಮ. ಕಡ್ಡಿಯಿಂದ ಕಡ್ಡಿಗೆ ತಿನಿಸನ್ನು ದಾಟಿಸಲೂಬಾರದು. ದಹನದ ಬಳಿಕ ಬಂಧುಗಳು ಅಸ್ಥಿಗಳನ್ನು ಎತ್ತಿ ಕಲಶದಲ್ಲಿಡುವುದು ಕಡ್ಡಿಗಳಿಂದಲೇ. ತಂದೆತಾಯಿಗಳನ್ನು ಕಳೆದುಕೊಂಡವರಿಗೆ ಆ ನೋಟ ಎಂತಹ ನೆನಪನ್ನು ತಂದೀತೆಂದು ಯೋಚಿಸಬೇಕು.

ಶಾಕಾಹಾರಿಗಳು ಇನ್ನೊಂದು ವಿಷಯದಲ್ಲಿ ಎಚ್ಚರವಹಿಸಬೇಕು. ಬರಿಯ ತರಕಾರಿಯದೆಂದು ಕಾಣುವ ಸಾರಿಗೂ ಒಣಮೀನಿನಿಂದ ತೆಗೆದ ‘ದಾಶಿ’ಯನ್ನು ಬೆರೆಸುವುದು ಅಲ್ಲಿ ಸಾಮಾನ್ಯ. ‘ಮಾಂಸ ಬೇಡ’ ಎಂದರಷ್ಟೇ ಸಾಲದು. ಮೀನೂ, ಮೀನಿನ ರಸವೂ ಬೇಡವೆಂದು ಮುಂಚಿತವಾಗಿಯೇ ವಿನಯದಿಂದ ತಿಳಿಸಬೇಕು. ಬಡಿಸಿದ ಮೇಲೆ ನಿರಾಕರಿಸಿದರೆ ಅಡುಗೆ ಮಾಡಿದವರಿಗೆ ಸಂಕೋಚವಾಗುತ್ತದೆ. ಬೌದ್ಧ ದೇಗುಲಗಳ ‘ಶೋಜಿನ್ ರ್‍ಯೋರಿ’ ಎಂಬ ಅಡುಗೆಯಲ್ಲಿ ಮಾಂಸ, ಮೀನುಗಳನ್ನು ಬಳಸುವುದಿಲ್ಲ. ಕೋಯಾ ಪರ್ವತದ ದೇಗುಲಗಳಲ್ಲಿ ತಂಗುವ ಯಾತ್ರಿಕರಿಗೆ ಅದನ್ನೇ ಬಡಿಸುತ್ತಾರೆ.

ರೈಲಿನಲ್ಲಿ ಫೋನಿನಲ್ಲಿ ಮಾತನಾಡುವುದು ಸಹಪ್ರಯಾಣಿಕರಿಗೆ ಕಿರುಕುಳವೆಂದು ಭಾವಿಸುತ್ತಾರೆ. ಉಪಾಹಾರ ಗೃಹಗಳಲ್ಲಿ ಭಕ್ಷೀಸು ಕೊಡುವ ಪದ್ಧತಿಯಿಲ್ಲ. 1995ರಲ್ಲಿ ಟೋಕಿಯೋ ಸುರಂಗ ರೈಲುಗಳಲ್ಲಿ ವಿಷಾನಿಲ ದಾಳಿ ನಡೆದ ಮೇಲೆ ಸಾರ್ವಜನಿಕ ಸ್ಥಳಗಳ ಅನೇಕ ಕಸದ ತೊಟ್ಟಿಗಳನ್ನು ತೆಗೆಯಲಾಯಿತು. ಜನರು ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೊಯ್ಯುತ್ತಾರೆ. ಅತಿಥಿಗಳೂ ಹಾಗೆಯೇ ಮಾಡುವುದು ಲೇಸು.

ಇವೆಲ್ಲವುಗಳ ಮೂಲ ಒಂದೇ: ನನ್ನಿಂದ ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಎಂಬ ಭಾವ. ಹೊರಡುವ ಮುನ್ನ ಹಿರಿಯರು ಮಕ್ಕಳಿಂದ ವಿಮಾನದ ವೇಳೆಯನ್ನಷ್ಟೇ ಅಲ್ಲದೆ ಆ ನಾಡಿನ ನಡೆಯನ್ನೂ ಕೇಳಿ ತಿಳಿದುಕೊಳ್ಳಲಿ.