ಬೆರ್ಬೆರಿನ್ ಮಾತ್ರೆ ನಿಜಕ್ಕೂ ‘ನೈಸರ್ಗಿಕ ಓಜೆಂಪಿಕ್’ ಹೌದೇ?

“ಶುಗರ್‌ಗೂ ಬೊಜ್ಜಿಗೂ ಇದೊಂದೇ ಸಾಕು. ಗಿಡದಿಂದ ಬಂದದ್ದು, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ!” ಬೆರ್ಬೆರಿನ್ ಮಾತ್ರೆಯನ್ನು ಹೀಗೆ ಹೊಗಳುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು?

ಏನಿದು ಬೆರ್ಬೆರಿನ್?

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ‘ಹುವಾಂಗ್‌ಲಿಯಾನ್’ ಎಂಬ ಗಿಡದ ಕಹಿ ಗೆಡ್ಡೆಯನ್ನು ಬಹು ಹಿಂದಿನಿಂದಲೂ ಭೇದಿಗೆ ಕೊಡುತ್ತಾರೆ. ಅದರಲ್ಲಿರುವ ಹಳದಿ ಬಣ್ಣದ ಆಲ್ಕಲಾಯ್ಡ್ ಬೆರ್ಬೆರಿನ್. ಆಲ್ಕಲಾಯ್ಡ್ ಎಂದರೆ ಸಾರಜನಕ ಇರುವ ಸಸ್ಯರಾಸಾಯನಿಕ. ಕಾಫಿಯ ಕೆಫೀನ್ ಕೂಡ ಇದೇ ಗುಂಪಿನದು. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಬೆರ್ಬೆರಿನ್ ಇದೆ. ಅಡುಗೆಮನೆಯ ಅರಿಶಿನದಲ್ಲಿ ಇಲ್ಲ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್.

ಕೆಲಸ ಮಾಡುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಬೆರ್ಬೆರಿನ್ ಅಣುವಿನಲ್ಲಿರುವ ಸಾರಜನಕಕ್ಕೆ ಧನ ವಿದ್ಯುದಾವೇಶವಿದೆ. ಹಾಗಾಗಿ ಅದು ಕರುಳಿನ ಗೋಡೆ ದಾಟುವುದು ಕಷ್ಟ. ನುಂಗಿದ್ದರಲ್ಲಿ ರಕ್ತ ಸೇರುವುದು ತೀರಾ ಕಡಿಮೆ. ಆದರೂ ಅದು ಜೀವಕೋಶಗಳಲ್ಲಿ ಎಎಂಪಿಕೆ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಪ್ರಯೋಗಗಳಲ್ಲಿ ರಕ್ತದ ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್ ಒಂದಿಷ್ಟು ಇಳಿದದ್ದು ಕಂಡಿದೆ. ಆದರೆ ತೂಕದಲ್ಲಿ ಇಳಿಯುವುದು ಹೆಚ್ಚೆಂದರೆ ಕೆಲವು ಕಿಲೋ. ಓಜೆಂಪಿಕ್‌ನಲ್ಲಿರುವ ಸೆಮಾಗ್ಲುಟೈಡ್ ಹಸಿವನ್ನು ತಗ್ಗಿಸುವ ಹಾರ್ಮೋನಿನಂತೆ ವರ್ತಿಸುತ್ತದೆ. ತೂಕ ಇಳಿಸಲು ಅದನ್ನೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಸುಮಾರು 15% ತೂಕ ಇಳಿದಿತ್ತು. ಎರಡಕ್ಕೂ ಹೋಲಿಕೆಯೇ ಇಲ್ಲ.

ಅಪಾಯ ಎಲ್ಲಿದೆ?

ಹೊಟ್ಟೆನುಲಿತ, ಭೇದಿ, ಮಲಬದ್ಧತೆ ಸಾಮಾನ್ಯ. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಮಾತ್ರೆಗಳ ಜೊತೆ ಸೇರಿದಾಗಿನದು. ಔಷಧಿಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕೆಲವು ಕಿಣ್ವಗಳನ್ನು ಬೆರ್ಬೆರಿನ್ ತಡೆಯುತ್ತದೆ. ಮೂತ್ರಪಿಂಡ ಕಸಿ ಆದವರು ನುಂಗುವ ಸೈಕ್ಲೋಸ್ಪೊರಿನ್ ಆಗ ರಕ್ತದಲ್ಲಿ ಏರುತ್ತದೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ತೆಗೆದುಕೊಂಡರೆ ಸಕ್ಕರೆ ಅತಿಯಾಗಿ ಕುಸಿಯಬಹುದು.

ಬಸುರಿಯರು, ಬಾಣಂತಿಯರು, ಹಸುಗೂಸುಗಳಿಗೆ ಇದು ಬೇಡವೇ ಬೇಡ. ಕಾಮಾಲೆಗೆ ಕಾರಣವಾಗುವ ಬಿಲಿರುಬಿನ್ ಅನ್ನು ರಕ್ತದ ಪ್ರೋಟೀನಿನಿಂದ ಇದು ಬಿಡಿಸುತ್ತದೆ. ಹಾಗೆ ಬಿಡುಗಡೆಯಾದ ಬಿಲಿರುಬಿನ್ ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. ಈ ಭಯದಿಂದಲೇ ಸಿಂಗಪುರ 1978ರಲ್ಲಿ ಹುವಾಂಗ್‌ಲಿಯಾನ್ ನಿಷೇಧಿಸಿ, ದಶಕಗಳ ನಂತರ ಸಡಿಲಿಸಿತು.

ಕೊನೆಗೆ ಇಷ್ಟೇ

ಸಕ್ಕರೆಯನ್ನು ಇಳಿಸುವ ಶಕ್ತಿ ಇರುವ ವಸ್ತುವಿಗೆ ಅಡ್ಡಪರಿಣಾಮದ ಶಕ್ತಿಯೂ ಇರುತ್ತದೆ. ಅದು ಗಿಡದಿಂದ ಬಂದಿದ್ದರೂ ಸರಿ. ಈ ಸಂದೇಶ ನಂಬಿ ಯಾರೂ ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಬೆರ್ಬೆರಿನ್ ಈಗಾಗಲೇ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಮುಂದೆ ಕಳಿಸುವುದಿದ್ದರೆ ಈ ಮಾತನ್ನೂ ಸೇರಿಸಿ ಕಳಿಸಿ.