ಕಂಬಂ ಕಣಿವೆಯ ಕೂಸಿಗೆ ವಾರದ ಪಾಠ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಒಕ್ಕಲಿಗರ ಮನೆಮಾತು ಕನ್ನಡ. ಕಲಿಯುವ ಅಕ್ಷರ ಮಾತ್ರ ತಮಿಳು. ಮೂರು ತುಂಬಿದ ಕೂಸು ಅಂಗನವಾಡಿಗೆ ಹೋದರೆ ಹಾಡು, ಕಥೆ ಎಲ್ಲ ತಮಿಳೇ. ಅದೂ ಬೇಕು. ಆದರೆ ಮೊದಲ 3 ವರ್ಷ ಮನೆಯವರ ಕೈಲೇ ಇದೆ.

ಕೇಂದ್ರ ಸರ್ಕಾರ 2024ರಲ್ಲಿ ತಂದ ‘ನವಚೇತನ’ದಲ್ಲಿ ಈ ವಯಸ್ಸಿಗೆಂದೇ 36 ತಿಂಗಳಿಗೆ 140 ಚಟುವಟಿಕೆಗಳಿವೆ. ಆಟಿಕೆ ಕೊಳ್ಳಬೇಕಿಲ್ಲ. ಸೋಮವಾರ ಪನ್ನೀರು ದ್ರಾಕ್ಷಿ ಗೊಂಚಲು ತೋರಿಸಿ ಬಣ್ಣ ಹೇಳಿ; ಇಡೀ ಹಣ್ಣು ಗಂಟಲಿಗೆ ಸಿಕ್ಕೀತು, ಸೀಳಿ ಕೊಡಿ. ಬುಧವಾರ ಕೊಟ್ಟಿಗೆಯಲ್ಲಿ ಕೊಂಬು, ಬಾಲ, ಕರು. ಶುಕ್ರವಾರ ಅಜ್ಜಿಯ ಹಾಡು. ಮುಂದಿನ ವಾರ ಮತ್ತೆ ಅದೇ. ಕೂಸು ಕಲಿಯೋದೇ ಹಾಗೆ.

ಮನೇಲಿ ತೆಲುಗು, ಹೊಲದಲ್ಲಿ ಕನ್ನಡ ಕಲಿತವನು ನಾನು. ಎರಡು ಮಾತು ಹೊರೆಯಾಗಲಿಲ್ಲ. ಅಲ್ಲಿನ ಕನ್ನಡ ಪುಸ್ತಕದಲ್ಲಿಲ್ಲ, ಅಜ್ಜಿಯ ಬಾಯಲ್ಲಿದೆ. ಅವಳು ಸುಮ್ಮನಾದರೆ ಮುಗೀತು.